ಸಮುದ್ರಕ್ಕೆ ಎರಡು ಚೊಂಬು ನೀರು

ಅವರ ಎರಡೂ ಹೆಬ್ಬೆರಳಿನ ಗೆಣ್ಣುಗಳು ಹುಣಸೆಬೀಜದ ಹಾಗೆ ಗಟ್ಟಿಯಾಗಿ, ಕಪ್ಪಗೆ, ನುಣ್ಣಗೆ ಹೊಳೆಯುತ್ತಿದ್ದವು. ಹೆಬ್ಬೆರಳನ್ನು ಒಳಕ್ಕೆ ಮಡಚಿಕೊಂಡು ನಲವತ್ತು ವರ್ಷ ಹಾಲು ಕರೆದ ಕೈಗಳು ಅವು. ಅಂಥ ಒರಟು ಬೆರಳುಗಳ ನಡುವೆ ಅವರು ಪೆನ್ಸಿಲಿನಷ್ಟು ತೆಳ್ಳಗಿನ ಗಾಜಿನ ಲ್ಯಾಕ್ಟೋಮೀಟರನ್ನು ಹಿಡಿದುಕೊಂಡು, ಒಂದು ಕಣ್ಣು ಮುಚ್ಚಿ, ಕುಕ್ಕರಗಾಲಲ್ಲಿ ಕೂತು ಗೆರೆ ನೋಡುವುದನ್ನು ಮೊದಲ ಸಲ ಕಂಡಾಗ ನನಗೆ ಅದು ಒಡೆದೇ ಹೋಗುತ್ತದೆ ಅನ್ನಿಸಿತ್ತು. ಒಡೆಯಲಿಲ್ಲ. ಇಪ್ಪತ್ತು ವರ್ಷದಿಂದ ಒಡೆದಿರಲಿಲ್ಲ. ಬಿದಿರಿನ ಒಂದು ಕೊಳವೆಯಲ್ಲಿ ಹತ್ತಿ ತುಂಬಿ, ಅದರೊಳಗೆ ಮೀಟರನ್ನು ಇಟ್ಟು, ಕ್ಯಾಲೆಂಡರಿನ ಮೊಳೆಗೇ ನೇತುಹಾಕುತ್ತಿದ್ದರು.

ಅವರು ಬೈಯಪ್ಪನಹಳ್ಳಿಯಲ್ಲಿ ನನ್ನ ಮನೆ ಮಾಲೀಕರು. ನಾನು ಓನರಮ್ಮ ಅನ್ನುತ್ತಿದ್ದೆ. ಅವರು ನನ್ನನ್ನು ಗದಗಿನವನು ಅನ್ನುತ್ತಿದ್ದರು, ಎದುರಿಗೂ, ಹಿಂದೆಯೂ. ಗದಗಿನಿಂದ ಬಂದು ಹಳೇ ಮದ್ರಾಸ್ ರಸ್ತೆಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಅವರ ಮಹಡಿಯ ಕೋಣೆಯನ್ನು ಬಾಡಿಗೆಗೆ ಹಿಡಿದಾಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅವರ ಹೊಲಗಳು ಆಗಲೇ ಸೈಟುಗಳಾಗಿದ್ದವು. ಏಳು ಹಸು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಒಂದೇ ಒಂದು ಉಳಿದಿತ್ತು. ಆ ಒಂದರ ಹಾಲನ್ನೇ ಬೀದಿಯ ನಾಲ್ಕು ಮನೆಗೆ ಕೊಡುತ್ತಿದ್ದರು, ಕೊಡುವ ಮುಂಚೆ ಪ್ರತಿ ದಿನವೂ ಮೀಟರು ಇಳಿಬಿಟ್ಟು ತೋರಿಸುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಆದರೂ ತೋರಿಸಬೇಕು. ಹಾಲು ಚೆನ್ನಾಗಿದ್ದರೆ ಮೀಟರು ಮೇಲೆದ್ದು ನಿಲ್ಲುತ್ತದೆ, ನೀರು ಬೆರೆತಿದ್ದರೆ ಮುಳುಗುತ್ತದೆ. ಗೆರೆ ಇಪ್ಪತ್ತೆಂಟಕ್ಕೆ ನಿಂತರೆ ಅವರು ತಲೆಯೆತ್ತಿ ಎರಡೇ ಮಾತು ಹೇಳುತ್ತಿದ್ದರು: "ಮೋಸ ಇಲ್ಲ."

ನಾನು ಬಾಡಿಗೆಗೆ ಬಂದ ವರ್ಷವೇ ಆ ಹಸು ಸತ್ತಿತು. ಮೇಯಲು ಬಿಟ್ಟಾಗ ರಸ್ತೆಯಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಕವರುಗಳನ್ನು ತಿಂದಿತ್ತು. ಓನರಮ್ಮ ಎರಡು ದಿನ ಊಟ ಮಾಡಲಿಲ್ಲ. ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಮಗ ಇನ್ನೊಂದು ಹಸು ತರುತ್ತೇನೆ ಅಂದಾಗ ಅವರು ಹೇಳಿದ್ದನ್ನು ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ. "ಬೇಡ ಕಣೋ. ಬೀದೀಗೆ ಬಿಟ್ಟೋಳು ನಾನೇ. ನನ್ ಕೈಗೆ ಇನ್ಮೇಲೆ ಯಾವ ಜೀವಾನೂ ಕೊಡ್ಬೇಡ." ಅಂದಮೇಲೆ ಅಂದದ್ದೇ. ಬಾಗಿಲಿಗೆ ಬರುತ್ತಿದ್ದ ಬೆಕ್ಕಿಗೂ ಆ ಮನೆಯಲ್ಲಿ ಹಾಲು ನಿಂತುಹೋಯಿತು.

ನನ್ನ ಹುಚ್ಚು ಶುರುವಾದದ್ದು ಅದೇ ಸುಮಾರಿನಲ್ಲಿ. ಒಂದು ಭಾನುವಾರ ರಸೆಲ್ ಮಾರುಕಟ್ಟೆಗೆ ಹಣ್ಣು ತರಲು ಹೋದವನು ಹಿಂದಿನ ಗಲ್ಲಿಯ ಮೀನಿನ ತೊಟ್ಟಿಗಳ ಅಂಗಡಿಯಲ್ಲಿ ಸಮುದ್ರದ ನೀರಿನ ತೊಟ್ಟಿಯೊಂದನ್ನು ನೋಡಿಬಿಟ್ಟೆ. ಕಲ್ಲಿನ ಮೇಲೆ ಅಂಗಿಗುಂಡಿಯಷ್ಟಗಲದ ಹಸಿರು ಹವಳದ ಜೀವಗಳು ಬಾಯಿ ಬಿಚ್ಚಿಕೊಂಡಿದ್ದವು. ಅವುಗಳ ಮಧ್ಯೆ ಬಿಳಿ ಪಟ್ಟಿಯ ಕಿತ್ತಳೆ ಬಣ್ಣದ ಎರಡು ಕ್ಲೌನ್ ಮೀನು. ನಮ್ಮೂರಲ್ಲಿ ನಲ್ಲಿಯಲ್ಲಿ ನೀರು ಬಂದರೆ ಅವತ್ತು ಹಬ್ಬ. ಅಂಥ ಊರಿನವನಿಗೆ ಸಮುದ್ರದ ಹುಚ್ಚು ಹಿಡಿಯಿತು ನೋಡಿ!

ನನ್ನ ಸಂಬಳಕ್ಕೂ ಆ ಹುಚ್ಚಿಗೂ ತಾಳೆಯೇ ಇರಲಿಲ್ಲ. ಹಲಸೂರಿನ ಗಾಜಿನ ಅಂಗಡಿಯಲ್ಲಿ ಉಳಿದಿದ್ದ ಕಿಟಕಿ ಗಾಜನ್ನು ಕತ್ತರಿಸಿಕೊಂಡು ತಂದು ತೊಟ್ಟಿಯನ್ನು ನಾನೇ ಅಂಟಿಸಿದೆ. ಕೊಳೆಯನ್ನು ನೊರೆ ಮಾಡಿ ಹೊರಗೆ ತಳ್ಳುವ ಯಂತ್ರವನ್ನು ಓನರಮ್ಮನ ಮಗನ ಅಂಗಡಿಯ ತುಂಡು ಪೈಪಿನಲ್ಲಿ ಮಾಡಿಕೊಂಡೆ. ಅಡುಗೆ ಎಣ್ಣೆಯ ಖಾಲಿ ಕ್ಯಾನುಗಳನ್ನು ಹೊತ್ತುಕೊಂಡು ರೈಲಿನಲ್ಲಿ ಮದ್ರಾಸಿಗೆ ಹೋಗಿ, ಸಮುದ್ರದ ನೀರು ತುಂಬಿಸಿಕೊಂಡು ಕೆ.ಆರ್. ಪುರದ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದೆ. ಅಷ್ಟೆಲ್ಲ ಮಾಡಿದರೂ ಮೀನು ಬದುಕಲಿಲ್ಲ. ತಂದ ಎರಡು ತಿಂಗಳಿಗೆ ಒಂದು ಹೋಯಿತು, ಮತ್ತೊಂದನ್ನು ತಂದೆ, ಅದೂ ಹೋಯಿತು. ಮೀನಿನ ಜೊತೆ ತಂದಿದ್ದ ಕಲ್ಲಿನ ಮೇಲಿನ ಹಸಿರು ಹವಳದ ಗುಂಡಿಗಳು ಮುದುಡಿಕೊಂಡು ಬಾಯಿ ತೆರೆಯುವುದನ್ನೇ ಬಿಟ್ಟವು.

ಮೂರನೆಯ ಮೀನನ್ನು ಕಾಗದದಲ್ಲಿ ಸುತ್ತಿ ತೆಂಗಿನ ಗಿಡದ ಬುಡಕ್ಕೆ ಹಾಕುತ್ತಿದ್ದಾಗ ಓನರಮ್ಮ ನೋಡಿದರು.

"ಏನಪ್ಪಾ ಗದಗಿನವ್ನೇ, ದಿನಾ ಒಂದ್ ಹೆಣ ಹೂಳ್ತೀಯಲ್ಲ. ಏನ್ ಹಾಕ್ತೀಯ ಅದಕ್ಕೆ?"

"ಏನೂ ತಪ್ಪು ಮಾಡಿಲ್ರೀ ಅಮ್ಮಾರ. ನೀರು ಆರಿ ಕಮ್ಮಿ ಆತಂದ್ರ ಸಮುದ್ರದ ನೀರೇ ಹಾಕ್ತೀನ್ರೀ, ಬ್ಯಾರೇ ನೀರು ಸೈತ ಮುಟ್ಟಸಂಗಿಲ್ಲ."

ಅದನ್ನು ನಾನು ಬಹಳ ಹೆಮ್ಮೆಯಿಂದಲೇ ಹೇಳಿದ್ದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಒಳಗೆ ಹೋಗಿ, ಬಿದಿರಿನ ಕೊಳವೆಯನ್ನು ತೆಗೆದುಕೊಂಡು ಮೆಟ್ಟಿಲು ಹತ್ತಿ ಬಂದರು. ತೊಟ್ಟಿಯ ನೀರನ್ನು ಉದ್ದನೆಯ ಲೋಟಕ್ಕೆ ಬಗ್ಗಿಸಿ ಮೀಟರನ್ನು ಇಳಿಬಿಟ್ಟರು. ಅದು ಯಾರೋ ಕೆಳಗಿನಿಂದ ದೂಡಿದ ಹಾಗೆ ಮೇಲೆದ್ದು ಮೂವತ್ನಾಲ್ಕಕ್ಕೆ ನಿಂತಿತು.

"ಹಾಲು ಕುದ್ರೆ ಆವಿಯಾಗಿ ಹೋಗೋದು ನೀರೋ, ಕೆನೆಯೋ?"

"ನೀರು ರೀ."

"ಮತ್ತೆ ನೀನು ಬತ್ತಿದ ಹಾಲಿಗೆ ಹಾಲೇ ಸುರೀತಾ ಇದೀಯ. ಇದು ಸಮುದ್ರ ಅಲ್ಲ ಕಣಪ್ಪ, ಕೋವಾ. ಕೋವಾದೊಳಗೆ ಮೀನು ಹೆಂಗೆ ಬದುಕ್ತದೆ?"

ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಹೈಸ್ಕೂಲಿನಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಅದನ್ನು ನನ್ನ ಕೋಣೆಯಲ್ಲೇ ನಿಂತು ನನಗೆ ಕಲಿಸಿಕೊಟ್ಟರು.

ಮರುದಿನವೇ ಶಿವಾಜಿನಗರದ ಆ ಮೀನಿನ ತೊಟ್ಟಿಗಳ ಅಂಗಡಿಯವನನ್ನು ಕೇಳಿದೆ. ಸಮುದ್ರದ ನೀರು ಅಂದರೆ ಇಪ್ಪತ್ತೈದರ ಹತ್ತಿರ ಇರಬೇಕು ಅಂದ. ಲ್ಯಾಕ್ಟೋಮೀಟರಿನ ಕತೆ ಹೇಳಿದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಕ್ಯಾ ಸಾಬ್, ಹಾಲಿಂದು ಮೀಟರಲ್ಲಿ ಸಮುದ್ರ ನೋಡೋದಾ?" ಓನರಮ್ಮನಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. ಸೀರೆ ಬದಲಾಯಿಸಿ ನನ್ನೊಂದಿಗೆ ಬಸ್ಸು ಹತ್ತಿದರು. ಅಂಗಡಿಯವನ ವಿದೇಶಿ ಮೀಟರನ್ನೂ ತಮ್ಮದನ್ನೂ ಒಂದೇ ನೀರಿನಲ್ಲಿ ಒಂದಾದ ಮೇಲೊಂದು ಇಳಿಬಿಡಿಸಿದರು. ಎರಡೂ ಒಂದೇ ಗೆರೆ ತೋರಿಸಿದವು. ಆತ ಎದ್ದು ಸ್ಟೂಲು ಕೊಟ್ಟು, "ಕೂತ್ಕೊಳ್ಳಿ ಅಮ್ಮಾಜಿ," ಅಂದು ಚಹಾ ತರಿಸಿದ. ಆಮೇಲೆ ಅವನ ಅಂಗಡಿಗೆ ಬರುವ, ಕೈಯಲ್ಲಿ ಕಾಸು ಸಾಲದ ಗಿರಾಕಿಗಳಿಗೆಲ್ಲ ಹಾಲಿನ ಮೀಟರು ತೆಗೆದುಕೊಳ್ಳಿ ಅಂತ ಅವನೇ ಹೇಳುತ್ತಿದ್ದ.

ಅಂದಿನಿಂದ ಬೆಳಿಗ್ಗೆ ಏಳಕ್ಕೆ ನನ್ನ ಬಾಗಿಲು ತಟ್ಟುವುದು ಅವರ ಕೆಲಸವಾಯಿತು. ಅಳತೆ ನೋಡುತ್ತಿದ್ದರು, ಎಷ್ಟು ನೀರು ಹಾಕಬೇಕೆಂದು ಹೇಳುತ್ತಿದ್ದರು. ಕ್ಲೋರಿನ್ ಹೋಗಲೆಂದು ಒಂದು ದಿನ ತೆರೆದಿಟ್ಟ ನಲ್ಲಿಯ ಕಾವೇರಿ ನೀರು, ಚೊಂಬಿನ ಲೆಕ್ಕದಲ್ಲಿ. ಸುರಿಯುವುದು ಮಾತ್ರ ನಾನೇ. "ನಾನು ಮುಟ್ಟಲ್ಲಪ್ಪ, ಗೆರೆ ನೋಡ್ತೀನಿ ಅಷ್ಟೇ," ಅನ್ನುತ್ತಿದ್ದರು. ಹಸುವಿನ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಗೆರೆ ಇಪ್ಪತ್ತೈದಕ್ಕೆ ಬಂದು ನಿಂತ ದಿನ ಮಾತ್ರ ಅವರಿಗೆ ನಗು ತಡೆಯಲಾಗಲಿಲ್ಲ. "ಇದು ಹಾಲಾಗಿದ್ರೆ ಡೇರಿಯೋರು ಕ್ಯಾನ್ ಸಮೇತ ವಾಪಸ್ ಕಳ್ಸೋರು. ಜೀವಮಾನದಲ್ಲಿ ಹಾಲಿಗೆ ತೊಟ್ಟು ನೀರು ಬೆರೆಸ್ದೋಳಲ್ಲ ನಾನು. ಈಗ ಈ ಗದಗಿನವನ ಕೈಲಿ ದಿನಾ ಬೆಳಿಗ್ಗೆ ಸಮುದ್ರಕ್ಕೆ ನೀರು ಹಾಕಿಸ್ತಾ ಇದೀನಿ!"

ಹೊಸದಾಗಿ ತಂದ ಜೋಡಿ ಮೀನು ಬದುಕಿದವು. ಹಸಿರು ಗುಂಡಿಗಳು ಒಂದೊಂದಾಗಿ ಬಾಯಿ ಬಿಚ್ಚಿದವು. ಅವು ಎಷ್ಟಾದವೆಂದು ಓನರಮ್ಮ ಬೆರಳು ಮಡಚಿ ಎಣಿಸುತ್ತಿದ್ದರು.

ಮುಂದಿನ ಮೇ ತಿಂಗಳಲ್ಲಿ ಒಂದು ದಿನ ನಾನು ಕಚೇರಿಗೆ ಹೋದ ಮೇಲೆ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ನನಗೆ ಗೊತ್ತೇ ಆಗಲಿಲ್ಲ. ಸಂಜೆ ಬಸ್ಸಿಳಿದು ಅಂಗಡಿಗಳಲ್ಲಿ ಕರೆಂಟಿಲ್ಲದ್ದನ್ನು ನೋಡಿ, ಬೆಳಿಗ್ಗೆಯಿಂದಲೇ ಇಲ್ಲ ಎಂದು ಕೇಳಿ ಮನೆಯ ಕಡೆ ಓಡಿದೆ. ಗಾಳಿಯ ಪಂಪು ನಿಂತರೆ ಅಂಥ ಸಣ್ಣ ತೊಟ್ಟಿಯಲ್ಲಿ ಮೀನು ಕೆಲವೇ ಗಂಟೆ ಇರುತ್ತದೆ. ಮೇ ತಿಂಗಳ ಸೆಕೆಯಲ್ಲಿ ಅಷ್ಟೂ ಇಲ್ಲ. ಹೂಳುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದಿತ್ತು. ಬಾಡಿಗೆ ಕೋಣೆಯ ಎರಡನೆಯ ಕೀಲಿ ಅವರ ಹತ್ತಿರ ಇತ್ತಲ್ಲ. ಹಾಲಿನ ಕ್ಯಾನು ಬಿಸಿಯಾಗದ ಹಾಗೆ ಸುತ್ತುತ್ತಿದ್ದ ಗೋಣಿಚೀಲಗಳನ್ನು ನೀರಿನಲ್ಲಿ ನೆನೆಸಿ ತೊಟ್ಟಿಯ ಮೂರು ಮಗ್ಗುಲಿಗೂ ಹೊದಿಸಿದ್ದರು. ಓನರಮ್ಮ ಸ್ಟೂಲಿನ ಮೇಲೆ ನಿಂತು, ಹಾಲು ಅಳೆಯುವ ಉದ್ದ ಹಿಡಿಯ ಲೀಟರಿನಿಂದ ತೊಟ್ಟಿಯ ನೀರನ್ನು ಮೊಗೆದು, ಕೈಯನ್ನು ತಲೆಯವರೆಗೂ ಎತ್ತಿ, ನೊರೆಯೇಳುವ ಹಾಗೆ ತೊಟ್ಟಿಗೇ ಸುರಿಯುತ್ತಿದ್ದರು. ಮೊಗೆಯುವುದು, ಎತ್ತುವುದು, ಸುರಿಯುವುದು. ಸೊಸೆ ನೆಲದ ಮೇಲೆ ಕೂತು ತನ್ನ ಸರದಿಗೆ ಕಾಯುತ್ತ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಳು.

"ಬೆಳಿಗ್ಗೆ ಹತ್ತರಿಂದ ಹಿಂಗೇ," ಅಂದಳು ಸೊಸೆ. "ನಾನು ಕೇಳಿದ್ರೆ ಹತ್ ನಿಮಿಷ ಕೊಡ್ತಾರೆ, ಆಮೇಲೆ ಕಿತ್ಕೊತಾರೆ."

ಗಾಜಿನ ಹಿಂದೆ ಎರಡೂ ಮೀನು ಬಾಲ ಆಡಿಸುತ್ತಿದ್ದವು. ನಾನು ಲೀಟರಿಗೆ ಕೈ ಚಾಚಿದೆ. ಅವರು ಕೊಡಲಿಲ್ಲ.

"ಬಾಯಿ ಬಾಯಿ ಬಿಡ್ತಿದ್ವು ಕಣಪ್ಪ. ಹಾಲು ಮೇಲಿಂದ ಸುರುದ್ರೆ ನೊರೆ ಬರುತ್ತಲ್ಲ, ನೊರೆ ಅಂದ್ರೆ ಗಾಳಿ ತಾನೆ? ಅದಕ್ಕೇ ಸುರುದ್ನಪ್ಪ." ಸ್ವಲ್ಪ ಹೊತ್ತು ಸುರಿದು, ನನ್ನ ಕಡೆ ತಿರುಗದೆಯೇ, ಮೆಲ್ಲಗೆ ಅಂದರು: "ಬದುಕಿ ನಿಂತ್ವು ನೋಡು. ನನ್ ಕೈಲೇ ನಿಂತ್ವು."

ಕತ್ತಲಾಗುವ ಮುಂಚೆ ಕರೆಂಟು ಬಂತು. ಅವರ ಬಲ ಭುಜ ಒಂದು ವಾರ ಮೇಲೇಳಲಿಲ್ಲ. ಊಟವನ್ನು ಎಡಗೈಯಲ್ಲಿ ಮಾಡಬೇಕಾಯಿತು. ಆದರೆ ಬಂದವರಿಗೆಲ್ಲ ಆ ಭುಜವನ್ನು ಚಿನ್ನದ ಬಳೆಯ ಹಾಗೆ ತೋರಿಸಿ ಕತೆ ಹೇಳಿದರು. ವಾರ ಮುಗಿದ ಮೇಲೆ ನಾನೂ ಅವರ ಮಗನೂ ಸೇರಿ ತೊಟ್ಟಿಯನ್ನು ಕೆಳಗಿಳಿಸಿ ಖಾಲಿ ಕೊಟ್ಟಿಗೆಯಲ್ಲಿ, ಹಸು ಕಟ್ಟುತ್ತಿದ್ದ ಜಾಗದಲ್ಲೇ ಇಟ್ಟೆವು. ಇದು ನಿಮ್ಮದೇ ಅಂದೆ. ಅವರು ಬೇಡ ಅನ್ನಲಿಲ್ಲ. ಅವತ್ತು ಸಂಜೆ ಬೆಕ್ಕಿಗೂ ಹಾಲು ಬಿತ್ತು.

ಅವರು ಸಮುದ್ರವನ್ನು ನೋಡಿರಲೇ ಇಲ್ಲ. ನನ್ನ ಮದುವೆಯಾದ ಮೇಲೆ ನಾನೂ ನನ್ನ ಹೆಂಡತಿಯೂ ಅವರನ್ನು ಮದ್ರಾಸಿಗೆ ಕರೆದುಕೊಂಡು ಹೋದೆವು. ಮಳೆ ಮುಗಿದ ತಿಂಗಳು. ಅಲೆ ಕಂಡರೆ ಎಲ್ಲರೂ ಕೈ ಮುಗಿಯುತ್ತಾರೆ, ಇಲ್ಲವೇ ಸೀರೆ ಎತ್ತಿಕೊಂಡು ಓಡುತ್ತಾರೆ. ಇವರು ಚೀಲದಿಂದ ಉದ್ದನೆಯ ಲೋಟವನ್ನೂ ಬಿದಿರಿನ ಕೊಳವೆಯನ್ನೂ ಹೊರತೆಗೆದರು. ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಸಮುದ್ರವನ್ನು ಅಳೆದರು. ಕಡಲೆಕಾಯಿ ಮಾರುವವನು ಬುಟ್ಟಿ ಇಳಿಸಿ ನಿಂತುಕೊಂಡ.

"ಇಪ್ಪತ್ನಾಲ್ಕು," ಅಂದರು. "ನಮ್ದಕ್ಕಿಂತ ಒಂದು ಗೆರೆ ಕಮ್ಮಿ."

"ಮಳೆ ನೀರು ಸೇರೇತ್ರೀ," ಅಂದೆ, ಸಮುದ್ರದ ಪರವಾಗಿ.

ಅವರು ದೂರದವರೆಗೂ ನೋಡಿ ಸ್ವಲ್ಪ ಯೋಚನೆ ಮಾಡಿದರು. "ಹೋಗ್ಲಿ ಬಿಡು, ಮೋಸ ಅನ್ನಕ್ಕಾಗಲ್ಲ. ಇಷ್ಟು ದೊಡ್ಡ ಪಾತ್ರೇಲಿ ಒಂದ್ ಗೆರೆ ಹೆಚ್ಚುಕಮ್ಮಿ ಆಗ್ತದೆ." ಆಮೇಲೆ ಆ ನೀರನ್ನು ಚೆಲ್ಲದೆ, ಅಲೆಯವರೆಗೂ ನಡೆದುಕೊಂಡು ಹೋಗಿ ವಾಪಸ್ಸು ಸುರಿದು ಬಂದರು. ಅವತ್ತು ಅವರ ಪಕ್ಕದಲ್ಲಿ ನಡೆಯುವಾಗ ನನಗಿದ್ದ ಹೆಮ್ಮೆಯನ್ನು ಈಗಲೂ ಮಾತಿನಲ್ಲಿ ಹೇಳಲು ಬರುವುದಿಲ್ಲ.

ಆಮೇಲೆ ನಾನು ಕೆ.ಆರ್. ಪುರದಲ್ಲಿ ಸಣ್ಣ ಮನೆ ಮಾಡಿಕೊಂಡು ಹೊರಟೆ. ಹಸಿರು ಗುಂಡಿಗಳು ಹಬ್ಬಿದ್ದ ಒಂದು ಕಲ್ಲನ್ನು ಅವರೇ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಆ ಕಲ್ಲಿನಿಂದಲೇ ನನ್ನ ಎರಡನೆಯ ತೊಟ್ಟಿ ಬೆಳೆಯಿತು. ಹಬ್ಬಕ್ಕೆ ಹೋದಾಗಲೆಲ್ಲ "ಗೆರೆ ಎಷ್ಟು?" ಅನ್ನುವುದೇ ಮೊದಲ ಪ್ರಶ್ನೆ. ಹೆಂಡತಿ ಮಕ್ಕಳ ಸಮಾಚಾರ ಆಮೇಲೆ.

ಅವರು ಹೋದದ್ದು ಒಂದು ಬೆಳಿಗ್ಗೆ, ತೊಟ್ಟಿಗೆ ನೀರು ಹಾಕಿ ಬಂದು ಕಾಫಿಗೆ ಕೂತವರು ಏಳಲೇ ಇಲ್ಲ. ಮಣ್ಣಿಗೆ ಹೋಗಿದ್ದೆ, ಹನ್ನೊಂದನೆಯ ದಿನದ ಊಟಕ್ಕೂ ಹೋಗಿದ್ದೆ. ಅದಾದ ಮುಂದಿನ ಭಾನುವಾರ ಅವರ ಮಗ ನಮ್ಮ ಮನೆಗೆ ಬಂದ. ಕೈಯಲ್ಲಿ ಬಿದಿರಿನ ಕೊಳವೆ.

"ಇದು ನಿಂಗೆ ಅಂತ ಅಮ್ಮ ಮೊದ್ಲೇ ಹೇಳಿತ್ತು ಗುರು. ನಮ್ಮನೆ ತೊಟ್ಟಿ ನನ್ ಹೆಂಡ್ತಿ ನೋಡ್ಕೊತಾಳೆ, ಅವಳಿಗೆ ಹೊಸ ಮೀಟರ್ ತಂದ್ಕೊಟ್ಟಿದೀನಿ." ನಾನು ಕೈ ಚಾಚಿದರೆ ಆತ ಕೊಳವೆಯನ್ನು ಹಿಂದಕ್ಕೆಳೆದುಕೊಂಡ. "ಇರು. ಕೊಡೋಕ್ ಮುಂಚೆ ಅವನ ನೀರು ನೋಡು ಅಂದೈತೆ."

ಸಾವಿನ ಓಡಾಟದಲ್ಲಿ ಹದಿನೈದು ದಿನ ನಾನು ತೊಟ್ಟಿಯನ್ನು ಸರಿಯಾಗಿ ನೋಡಿರಲಿಲ್ಲ. ಆತ ಲೋಟಕ್ಕೆ ನೀರು ಬಗ್ಗಿಸಿ ಮೀಟರು ಬಿಟ್ಟ. ಇಪ್ಪತ್ತಾರು. ಆತ ನನ್ನ ಹೆಂಡತಿಯನ್ನು ಕೇಳಿ ಒಂದು ಚೊಂಬು ಇಸಿದುಕೊಂಡು ನನ್ನ ಕೈಗೆ ಕೊಟ್ಟ. ಹಿಂದಿನ ದಿನ ತೆರೆದಿಟ್ಟಿದ್ದ ಬಕೆಟ್ಟಿನಿಂದ ಒಂದು ಚೊಂಬು ಹಾಕಿದೆ. ನಿಧಾನವಾಗಿ ಇನ್ನೊಂದು ಹಾಕಿದೆ. ನೀರು ಬೆರೆಯುವವರೆಗೂ ಇಬ್ಬರೂ ಕಾಫಿ ಕುಡಿಯುತ್ತ ಕೂತೆವು.

ಆತ ಕುಕ್ಕರಗಾಲಲ್ಲಿ ಕೂತು, ಅಮ್ಮನ ಹಾಗೆಯೇ ಒಂದು ಕಣ್ಣು ಮುಚ್ಚಿ ನೋಡಿದ. ಗೆರೆ ಇಪ್ಪತ್ತೈದಕ್ಕೆ ಇಳಿದು ನಿಂತಿತ್ತು. ಮೀಟರನ್ನು ತನ್ನ ಅಂಗಿಯಲ್ಲಿ ಒರೆಸಿ, ಹತ್ತಿಯೊಳಗೆ ಇಟ್ಟು, ಕೊಳವೆಯನ್ನು ಎರಡೂ ಕೈಯಲ್ಲಿ ನನ್ನ ಕಡೆ ಚಾಚಿದ.

"ಮೋಸ ಇಲ್ಲ," ಅಂದ.