ಎಡಗೈ ಎತ್ತಿದ ಬೆಕ್ಕು

ಡಚ್ಚರ ನಾಡಿನ ಡೀಮೆನ್‌ನಲ್ಲಿ ನನ್ನ ಪಕ್ಕದ ಫ್ಲ್ಯಾಟಿನಲ್ಲಿ ಜಪಾನಿನ ಇಂಜಿನಿಯರ್ ಒಬ್ಬರಿದ್ದರು. ವಯಸ್ಸಾದವರು, ಒಂಟಿ. ಮದುವೆಯಾದ ಮೇಲೆ ಡಿಪ್ಲೊಮಾ ಮುಗಿಸಿ, ಹೆಂಡತಿಯನ್ನು ಊರಲ್ಲಿ ಬಿಟ್ಟು ಕೆಲಸಕ್ಕೆ ಬಂದಿದ್ದ ನಾನು ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದೆ. ಅವರೂ ತಡವರಿಸುತ್ತಿದ್ದರು. ಹಾಗಾಗಿ ನಮಗೆ ಹೊಂದಿತು.

ಅವರ ಕಿಟಕಿಯಲ್ಲಿ ತಮ್ಮೂರಿನ ದೇವಸ್ಥಾನದಿಂದ ತಂದ ಪಿಂಗಾಣಿ ಬೆಕ್ಕು ಕೂತಿತ್ತು. ಒಂದು ಕೈಯನ್ನು ಕಿವಿಯ ಹತ್ತಿರ ಎತ್ತಿ ಬೆರಳು ಕೆಳಗೆ ಬಾಗಿಸಿತ್ತು. ಎದುರುಮನೆಯ ಡಚ್ ಅಜ್ಜಿ ಅದು ಟಾಟಾ ಮಾಡುತ್ತಿದೆ ಎಂದುಕೊಂಡು, ಹೋಗುವಾಗೆಲ್ಲ ಕೈ ಬೀಸಿ “ದಾಹ್!” ಎಂದು ಡಚ್ಚಿನಲ್ಲಿ ಬೈ ಹೇಳುತ್ತಿದ್ದರು. ನನಗೆ ಮಾತ್ರ ನೋಡಿದ ತಕ್ಷಣ ಗೊತ್ತಾಯಿತು. ನಮ್ಮೂರಲ್ಲಿ ‘ಬಾ’ ಅನ್ನುವುದೂ ಹೀಗೇ.

“ಇದು ಕರೀತಾ ಇದೆ, ಅಲ್ವಾ ಸಾರ್?”

ಅವರ ಮುಖ ಅರಳಿತು.

“ಆದ್ರೆ ಎಡಗೈಲಿ ಕರೀತಿದೆ. ನಮ್ ಕಡೆ ಹಿಂಗ್ ಕರೆದ್ರೆ ಯಾರೂ ಬರಲ್ಲ,” ಅಂದೆ.

“ಬಲಗೈ ಎತ್ತಿದ್ರೆ ದುಡ್ಡು ಬರುತ್ತೆ. ಎಡಗೈ ಎತ್ತಿದ್ರೆ ಜನ.” ತಮ್ಮ ಖಾಲಿ ಕೋಣೆಯನ್ನೊಮ್ಮೆ ನೋಡಿ ನಕ್ಕರು. “ಈ ಬೆಕ್ಕು ಸ್ವಲ್ಪ ಸೋಮಾರಿ.”

ಹೊಸ ವರ್ಷದ ಬೆಳಿಗ್ಗೆ ಅವರು ಕೈ ತೊಳೆದು ಬಾಲ್ಕನಿಗೆ ಬಂದರು. ಪೂರ್ವಕ್ಕೆ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೆ ಬಾಗಿದರು. ನಾವು ಗಂಟೆ ಹೊಡೆದು ದೇವರನ್ನು ಎಬ್ಬಿಸುವ ಹಾಗೆ. ನನ್ನ ಬಾಲ್ಕನಿಯಲ್ಲಿ ನಾನೂ ತಟ್ಟಿದೆ. ಕಡೂರಿನಲ್ಲಿ ಟೀಚರ್ ಆಗಿದ್ದ ನನ್ನ ಹೆಂಡತಿ ಇಲ್ಲಿಗೆ ಬರಲಿ ಎಂದಷ್ಟೇ ಕೇಳಿಕೊಂಡೆ.

ಚಳಿ ಕಳೆದ ಮೇಲೆ ಅವರು ಜಪಾನಿಗೆ ವಾಪಸು ಹೋದರು. ಹೋಗುವಾಗ ಬೆಕ್ಕನ್ನು ನನ್ನ ಕಿಟಕಿಯಲ್ಲಿಟ್ಟು ಹೋದರು. ಪಕ್ಕದ ಮನೆಯಿಂದ ಕೆಮ್ಮು ಕೂಡ ಕೇಳದಂತಾಯಿತು.

ಭಾನುವಾರ ಟ್ರಾಮ್ ಸ್ಟಾಪಿನ ಫೋನ್ ಬೂತಿನಿಂದ ಹೆಂಡತಿಗೆ ಬೆಕ್ಕಿನ ವಿಷಯ ಹೇಳಿದೆ.

“ಎಡಗೈಲಿ ಕರೆದ್ರೆ ಪರ್ಮನೆಂಟ್ ಕೆಲ್ಸ ಬಿಟ್ಟು ಬರ್ತಾರೇನ್ರೀ?”

“ಮತ್ತೆ ಹೆಂಗ್ ಕರೀಬೇಕು?”

“ನೀವು ಬಲಗೈಲಿ ಕರೀರಿ, ನೋಡಣ.”

ರಿಸೀವರನ್ನು ಎಡಗೈಗೆ ದಾಟಿಸಿದೆ. ಬಲಗೈ ಎತ್ತಿ, ಬೂತಿನ ಗಾಜಿನ ಮುಂದೆ ಬೆರಳು ಬಾಗಿಸಿ ಕರೆದೆ. ಚೀಲ ಹಿಡಿದು ಹೋಗುತ್ತಿದ್ದ ಎದುರುಮನೆಯ ಅಜ್ಜಿ ನನ್ನನ್ನು ನೋಡಿ, ನಗುತ್ತ ಕೈ ಬೀಸಿ, “ದಾಹ್!” ಎಂದು ಮುಂದೆ ಹೋದರು.

“ಕರೆದ್ರಾ?”

“ಕರೆದೆ.”

“ನಂಗೇನೂ ಕಾಣ್ಲಿಲ್ಲಪ್ಪ.” ನಕ್ಕಳು. ಆಮೇಲೆ ದನಿ ಇಳಿಸಿದಳು. “ಜೂನ್‌ಗೆ ಸ್ಕೂಲ್ ಶುರುವಾಗತ್ತೆ. ಈ ವರ್ಷ ಆಗಲ್ಲ ಕಣ್ರೀ.”

“ಆಯ್ತು ಬಿಡು,” ಅಂದೆ.

ಫೋನ್ ಇಟ್ಟ ಮೇಲೂ ಬಲಗೈ ಇನ್ನೂ ಮೇಲೇ ಇತ್ತು.