ಬಂದರಿನ ತಳ ಮುಟ್ಟಿದವನು

ಮೀನುಗಾರಿಕೆ ಬಂದರಿನಲ್ಲಿ ಅವನನ್ನು ಎಲ್ಲರೂ ಮುಳುಗಣ್ಣ ಎಂದೇ ಕರೆಯುತ್ತಿದ್ದರು. ನೀರಿನಡಿಯಲ್ಲಿ ತಿರುಗಿ ದೋಣಿಯನ್ನು ಮುಂದಕ್ಕೆ ನೂಕುವ ಫ್ಯಾನಿಗೆ ಹರಿದ ಬಲೆಯೋ ಹಗ್ಗವೋ ಸುತ್ತಿಕೊಂಡರೆ, ಉಸಿರು ಬಿಗಿಹಿಡಿದು ಮುಳುಗಿ ಕತ್ತರಿಸಿ ಬರುವುದು ಅವನ ಕಸುಬು. ದೋಣಿ ಕಟ್ಟುವ ಧಕ್ಕೆಯ ಪಕ್ಕದ ನೀರೆಂದರೆ ಡೀಸೆಲ್, ಮೀನು ತೊಳೆದ ಕೊಳಕು, ಹೂಳು ಎಲ್ಲ ಕಲಸಿದ ಕಪ್ಪು. ಅದರಲ್ಲಿ ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಬಿಟ್ಟರೆ ಉರಿ ಮಾತ್ರ ಲಾಭ. ಹಾಗಾಗಿ ಮದುವೆಗೂ ಮೊದಲಿನಿಂದ ಅವನು ಕಣ್ಣು ಮುಚ್ಚಿಯೇ ದುಡಿದವನು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಅವನ ಪಾಲಿಗೆ ಮೊಸರು ಅಷ್ಟಕ್ಕಷ್ಟೇ, ಕೆಸರಿಗೆ ಮಾತ್ರ ಬರವಿರಲಿಲ್ಲ.

ಆದರೆ ಅವನ ತಲೆ ತಿನ್ನುತ್ತಿದ್ದುದು ಕೂಲಿಯಲ್ಲ, ಆ ತಳ. ಅಲ್ಲಿ ಏನೇನೋ ಕಾಲಿಗೆ ತಾಗುತ್ತಿತ್ತು. ಐಸ್ ಕಾರ್ಖಾನೆಯ ಎದುರು ಹೂಳಿನಲ್ಲಿ ಕಬ್ಬಿಣದ ಒಂದು ವಸ್ತು ಇತ್ತು: ಕೈಯಾಡಿಸಿದರೆ ಕತ್ತು ಬಗ್ಗಿಸಿದ ಪ್ರಾಣಿಯಂತೆ ಆಕಾರ, ಪಕ್ಕದಲ್ಲೊಂದು ಚಕ್ರ. ಚಕ್ರವಿರುವ ಪ್ರಾಣಿ ಎಲ್ಲಾದರೂ ಇದೆಯೇ? ಮನೆಗೆ ಬಂದು ಕೇಳಿದರೆ, ಮೀನಿನ ಪೆಟ್ಟಿಗೆಗಳಿಗೆ ಐಸ್ ತುಂಬಿ ತುಂಬಿ ಬೆರಳು ಮರಗಟ್ಟಿಸಿಕೊಂಡು ಬಂದ ಹೆಂಡತಿ ಸಿಡುಕುತ್ತಿದ್ದಳು.

"ಅದು ಆನೆ ಆದ್ರೇನು, ಆಡಾದ್ರೇನು? ಮನೆ ಬಾಡಿಗೆ ಕಟ್ಟುತ್ತಾ?"

ಆ ವರ್ಷ ಬಂದರಿನ ಅಭಿವೃದ್ಧಿಗೆ ಸರ್ಕಾರದಿಂದ ಹಣ ಮಂಜೂರಾಯಿತು. ಹೂಳೆತ್ತುವುದು, ಧಕ್ಕೆಯನ್ನು ಉದ್ದ ಮಾಡುವುದು, ಹರಾಜು ಕಟ್ಟೆಗೆ ಚಾವಣಿ, ಕೊಳಕು ನೀರಿಗೆ ಬೇರೆ ಚರಂಡಿ ಎಂದು ಅಧಿಕಾರಿಗಳು ಸಭೆ ಕರೆದು ನಕ್ಷೆ ಬಿಡಿಸಿ ತೋರಿಸಿದರು. ದೋಣಿ ಮಾಲೀಕರು ಚಪ್ಪಾಳೆ ತಟ್ಟಿದರು. ಹೆಂಡತಿ ಮಾತ್ರ ತಟ್ಟಲಿಲ್ಲ. ಕಸವೇ ಹೋದ ಮೇಲೆ ಫ್ಯಾನಿಗೆ ಸುತ್ತಿಕೊಳ್ಳುವುದೇನು? ಇವನನ್ನು ಕರೆಯುವವರು ಯಾರು? ಅವಳು ಗಂಡನ ಪಕ್ಕೆ ತಿವಿದಳು. "ನಮ್ಮ ಗತಿ ಏನು ಅಂತ ಕೇಳ್ರೀ."

ಮುಳುಗಣ್ಣ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ಸಾರ್, ಎತ್ತಿದ ಹೂಳನ್ನ ಎಲ್ಲಿ ಸುರೀತೀರಿ? ಸ್ವಲ್ಪ ನೋಡ್ಬೇಕಿತ್ತು."

ಸಭೆಗೆ ಸಭೆಯೇ ನಕ್ಕಿತು. ಹೆಂಡತಿ ವಾರವೆಲ್ಲ ಮಾತು ಬಿಟ್ಟಳು. ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿಹಾಕಿಕೊಳ್ಳುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ; ಹಾಕಿಕೊಳ್ಳುವ ಮುಂಚೆ ಅದು ಎಂಥ ಕಲ್ಲು ಎಂದು ತಿರುಗಿಸಿ ನೋಡುವವನು ಇವನೊಬ್ಬನೇ ಇರಬೇಕು.

ಯಂತ್ರ ಬಂತು. ಹೂಳು ಸುರಿಯುವ ಬಯಲಿನಲ್ಲಿ ಅವನು ದಿನವೂ ಹಾಜರು. ಒಂಟಿ ಚಪ್ಪಲಿಗಳು, ಟೈರು, ಹಿಡಿ ಮುರಿದ ಬಾಣಲೆ, ಯಾರದೋ ಕನ್ನಡಕ. ಒಂದು ಮಧ್ಯಾಹ್ನ ಧೊಪ್ಪೆಂದು ಬಿದ್ದ ಕೆಸರಿನಲ್ಲಿ ಬಾಗಿದ ಕತ್ತು ಕಂಡಿತು. ಅವನು ಓಡಿಹೋಗಿ ಅಂಗೈಯಿಂದ ಸವರಿದ. ಅದೇ ಕತ್ತು, ಅದೇ ಚಕ್ರ. ಹೊಲಿಗೆ ಯಂತ್ರ! ಸರಿ, ಅದನ್ನು ನೀರಿಗೆ ಎಸೆದವರು ಯಾರು, ಯಾರ ಮೇಲಿನ ಸಿಟ್ಟಿಗೆ? ಒಂದು ಪ್ರಶ್ನೆ ಹೋಗಿ ಹತ್ತು ಹುಟ್ಟಿಕೊಂಡವು.

"ಬೆಟ್ಟ ಅಗೆದು ಇಲಿ ಹಿಡಿದ್ರಿ," ಎಂದಳು ಹೆಂಡತಿ. ಆಮೇಲೆ ಪಾತ್ರೆ ತೊಳೆಯುತ್ತ ಕೇಳಿದಳು, "ಯಾರದ್ದಂತೆ?"

ಕೆಲಸ ಮುಗಿದ ಮೇಲೆ ಅವಳು ಹೆದರಿದ್ದೇ ಆಯಿತು. ಮುಳುಗಣ್ಣನನ್ನು ಕರೆಯುವವರೇ ಇಲ್ಲ. ಅವಳ ಕೂಲಿಯೊಂದರಲ್ಲೇ ಮನೆ ನಡೆಯಬೇಕು. ಅಷ್ಟರಲ್ಲಿ ಬಂದರಿನ ಹೊಸ ಕಚೇರಿಯವರು ನೀರಿನಡಿಯ ಉಸ್ತುವಾರಿಗೆ ತಿಂಗಳ ಸಂಬಳದ ಮೇಲೆ ಒಬ್ಬ ಮುಳುಗುವವನನ್ನು ಇಟ್ಟುಕೊಳ್ಳುತ್ತಾರೆಂದು ಸುದ್ದಿ ಬಂತು. ಕೇಳಲು ಹೋದ ಮುಳುಗಣ್ಣನಿಗೆ ಅಧಿಕಾರಿ ಸಂಬಳ ಹೇಳಿ, "ಮೊದಲು ಕೆಲಸ ನೋಡೋಣ," ಎಂದರು. ಗಂಡ ಮತ್ತೆ ಏನಾದರೂ ಅಡ್ಡ ಪ್ರಶ್ನೆ ಕೇಳಿ ಕೆಡಿಸಿಯಾನೆಂದು ಕೆಲಸ ತೋರಿಸುವ ದಿನ ಹೆಂಡತಿ ಜೊತೆಗೇ ಹೊರಟಳು. "ಅವರು ಹೇಳಿದಷ್ಟಕ್ಕೇ ಹೂಂ ಅನ್ನಿ. ಬಾಯಿ ಬಿಡಬೇಡಿ," ಎಂದು ದಾರಿಯುದ್ದಕ್ಕೂ ಹೇಳಿಕೊಟ್ಟಳು.

ಒಂದು ದೋಣಿಯ ಫ್ಯಾನಿಗೆ ಹಗ್ಗ ಸಿಕ್ಕಿಕೊಂಡಿತ್ತು. ಹೂಳು ಹೋಗಿ ಬಂದರಿನ ಬಾಯಿ ಅಗಲವಾಗಿ ಸಮುದ್ರ ಒಳಹೊರಗೆ ಆಡತೊಡಗಿದ ಮೇಲೆ ನೀರು ತಿಳಿಹಸಿರಾಗಿತ್ತು. ಮುಳುಗಣ್ಣ ಧುಮುಕಿ, ಜೀವಮಾನದಲ್ಲಿ ಮೊದಲ ಸಲ ಅಲ್ಲಿ ಕಣ್ಣು ಬಿಟ್ಟ. ಮೊದಲು ಕಂಡದ್ದು ತನ್ನದೇ ಕೈಗಳು, ಗಾಯದ ಗೆರೆಗಳ ಸಮೇತ. ಎಷ್ಟು ಸಲ ಕೊಯ್ದುಕೊಂಡಿದ್ದೇನೆ ಎಂದು ಅವನಿಗೇ ಅಚ್ಚರಿಯಾಯಿತು. ನೋಡುತ್ತ ನೋಡುತ್ತ ಕೈ ತಡವರಿಸಿತು. ಹಗ್ಗದ ತುದಿ ಇಲ್ಲಿದೆ ಎಂದು ಕಣ್ಣು ಹೇಳಿದರೆ, ಅಲ್ಲಿದೆ ಎಂದು ಬೆರಳು. ಉಸಿರು ಕಟ್ಟುತ್ತಾ ಬಂತು. ಇವತ್ತು ಸೋತರೆ ಕೆಲಸ ಹೋದಂತೆಯೇ. ಅವನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. ಕೈಗೆ ದಾರಿ ಸಿಕ್ಕಿತು, ಹಗ್ಗ ತುಂಡಾಯಿತು.

ಮೇಲೆ ಬಂದಾಗ ಅಧಿಕಾರಿ ನಗುತ್ತ, "ಭೇಷ್! ನಾಳೆಯಿಂದಲೇ ಬಾರಪ್ಪ," ಎಂದರು.

ಹೆಂಡತಿ ನಗಲಿಲ್ಲ. ಧಕ್ಕೆಯ ಅಂಚಿನಲ್ಲಿ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು. ಇಷ್ಟು ವರ್ಷ ಅವಳು ಕಂಡದ್ದು ಗಂಡನ ತಲೆಯ ಮೇಲೆ ಮುಚ್ಚಿಕೊಳ್ಳುವ ಕಪ್ಪು ನೀರು, ಆಮೇಲೆ ಒಂದಷ್ಟು ಗುಳ್ಳೆ. ಇಂದು ಎಲ್ಲವೂ ಕಂಡಿತ್ತು. ಫ್ಯಾನಿನ ರೆಕ್ಕೆಗಳ ನಡುವೆ ತುರುಕಿದ ಭುಜ, ಅವನದೇ ಮಣಿಕಟ್ಟಿನ ಪಕ್ಕ ಆಡಿಸುವ ಚೂರಿ, ಪ್ರತಿ ಅಲೆಗೂ ತಲೆಯ ಮೇಲೆ ಎದ್ದು ಬೀಳುವ ಇಡೀ ದೋಣಿ.

"ನಿನಗೆ ಕಾಣ್ತಿತ್ತಾ?" ಎಂದ ಅವನು, ಏದುಸಿರಿನಲ್ಲೇ ಕುತೂಹಲದಿಂದ.

ಅವಳು ಅಧಿಕಾರಿಯ ಕಡೆ ತಿರುಗಿದಳು. "ಸಾರ್, ಸಂಬಳ ಎಷ್ಟು ಅಂದ್ರಿ?"

ಅವರು ಇನ್ನೊಮ್ಮೆ ಹೇಳಿದರು.

"ಸಾಲದು," ಎಂದಳು.