ಗ್ಯಾರಂಟಿ ಕೊಯ್ತಾ ಮತ್ತು ಸಿದ್ದವ್ವನ ಕಾಲು

ಸಿದ್ದವ್ವನ ಎಡಗಾಲಿನ ಮೀನಖಂಡಕ್ಕೆ ಹನ್ನೊಂದು ಹೊಲಿಗೆ ಬಿದ್ದಿವೆ. ಆ ಗಾಯಕ್ಕೆ ಕಾರಣ ನಾನು.

ಗಾಯವಾದಾಗ ನಾನು ಹತ್ತು ಮೈಲಿ ದೂರದಲ್ಲಿದ್ದೆ. ಬಿಜಾಪುರದ ಕೋರ್ಟಿನಲ್ಲಿ, ಕರಿ ಕೋಟು ತೊಟ್ಟು, ಒಬ್ಬ ಬಡ ಸಾಕ್ಷಿದಾರನಿಗೆ ಪಾಟೀಸವಾಲು ಹಾಕುತ್ತಿದ್ದೆ. ಕಳುವಾದ ಎತ್ತಿನ ಎಡಗೊಂಬು ಮೊಂಡೋ ಬಲಗೊಂಬು ಮೊಂಡೋ? ನೀನು ಕಣ್ಣಾರೆ ಕಂಡಿದ್ದೋ, ಕೇಳಿದ್ದೋ? ಆ ಮನುಷ್ಯ ಬೆವರು ಒರೆಸಿಕೊಳ್ಳುತ್ತಿದ್ದ. ನನಗೆ ನನ್ನ ಜಾಣತನದ ಬಗ್ಗೆ ಬಹಳ ಹೆಮ್ಮೆಯಾಗಿತ್ತು. (ಈ ಅಂಕಣ ಓದುವವರಿಗೆ ಆ ಹೆಮ್ಮೆ ಹೊಸದಲ್ಲ.)

ಇದೇ ಜಾಣ ವಕೀಲ ಹದಿನೈದು ದಿನ ಮೊದಲು ಒಂದು ಕೊಯ್ತಾ ಕೊಂಡಿದ್ದ. ಒಂದೇ ಒಂದು ಪ್ರಶ್ನೆ ಕೇಳದೆ.

ಕೊಯ್ತಾ ಅಂದರೆ ಬದನೆಕಾಯಿ ಹೆಚ್ಚುವ ಚಾಕು ಅಂದುಕೊಳ್ಳಬೇಡಿ. ಮೊಳದುದ್ದ, ದಪ್ಪ ಬೆನ್ನು, ತುದಿಯಲ್ಲಿ ಬಾಗಿದ ಮೂತಿ. ಜಾಲಿ ಕಡಿದು ಹೊಲಕ್ಕೆ ಬೇಲಿ ಹಾಕುವುದು ಅದರಿಂದ. ದನಕ್ಕೆ ಕಣಿಕೆ, ಅಂದರೆ ಜೋಳದ ಒಣದಂಟು, ತುಂಡರಿಸುವುದು ಅದರಿಂದ. ದಿನಕ್ಕೆ ಸಾವಿರ ಏಟು ತಿನ್ನುವ ವಸ್ತು ಅದು.

ಅದು ಬೇಕಾಗಿದ್ದುದು ನನ್ನ ಅಕ್ಕ ಗೌರವ್ವನಿಗೆ. ಅಕ್ಕನ ಹೊಲ ತಿಕೋಟಾದ ಹತ್ತಿರ, ಹೊನವಾಡದ ದಾರಿಯಲ್ಲಿದೆ. ಭಾವ ತೀರಿಕೊಂಡ ಮೇಲೆ ಒಕ್ಕಲುತನವನ್ನು ಅವಳೇ ನಡೆಸುತ್ತಾಳೆ. ಪ್ರತಿ ವರ್ಷ ತಿಕೋಟಾದ ಕಂಬಾರ ಮೌನಪ್ಪನಿಂದ ಕೊಯ್ತಾ ಮಾಡಿಸುವುದು ವಾಡಿಕೆ. ಆದರೆ ಮೌನಪ್ಪನ ಕುಲುಮೆ ತಣ್ಣಗಾಗಿದೆ. ಉಕ್ಕಿಗೆ ಸರಕಾರದ ಕಂಟ್ರೋಲ್; ಪರ್ಮಿಟ್ ಇಲ್ಲದೆ ಸಿಗುವುದಿಲ್ಲ. ಮಹಾಯುದ್ಧ ಮುಗಿದು ವರ್ಷವಾಯಿತು. ಕಂಟ್ರೋಲ್ ಮಾತ್ರ ಇನ್ನೂ ಯುದ್ಧಭೂಮಿಯಲ್ಲೇ ಇದೆ. ಹೀಗಾಗಿ ಅಕ್ಕ ನನಗೆ ಹೇಳಿಕಳಿಸಿದಳು. ಪೇಟೆಯಿಂದ ಒಂದು ಗಟ್ಟಿ ಕೊಯ್ತಾ ತಾ, ಹೊಳಪು ನೋಡಿ ಮರುಳಾಗಬೇಡ ಎಂದು.

ಚೌಕದ ಪೇಟೆಯಲ್ಲಿ ಒಂದು ದೊಡ್ಡ ಕಬ್ಬಿಣದ ಅಂಗಡಿ ಇದೆ. (ಹೆಸರು ಬರೆಯುವುದಿಲ್ಲ. ಸಂಪಾದಕರು ಹೆದರುತ್ತಾರೆ. ಕಾಯಿದೆ ಓದಿದ್ದರಿಂದ ನಾನು ಇನ್ನೂ ಹೆಚ್ಚು ಹೆದರುತ್ತೇನೆ.) ಅಂಗಡಿಯ ಸಾವಕಾರರು ನನ್ನನ್ನು ಗಾದಿಯ ಮೇಲೆ ಕೂಡಿಸಿದರು. ಚಹಾ ತರಿಸಿದರು. ಎಣ್ಣೆ ಸವರಿದ, ಕನ್ನಡಿಯಂತೆ ಹೊಳೆಯುವ ಕೊಯ್ತಾ ಒಂದನ್ನು ನನ್ನ ಮುಂದಿಟ್ಟರು. ವಿಲಾಯತಿ ಉಕ್ಕು ಅಂದರು. ಅದರ ಮೈಮೇಲೆ ಒಂದು ಕಿರೀಟದ ಚಿತ್ರ. ಕೆಳಗೆ ಇಂಗ್ಲಿಷಿನಲ್ಲಿ ‘ಗ್ಯಾರಂಟೀಡ್’ ಎಂಬ ಅಚ್ಚು.

ಇಂಗ್ಲಿಷ್ ಅಕ್ಷರ ಕಂಡ ಮೇಲೆ ಮತ್ತೇನು ನೋಡುವುದಿದೆ? ಕೊಂಡೆ. ಕಾಗದದಲ್ಲಿ ಸುತ್ತಿಸಿ ತಿಕೋಟಾದ ಬಸ್ಸಿಗೆ ಕೊಟ್ಟು ಕಳಿಸಿದೆ.

ಸಿದ್ದವ್ವ ಅಕ್ಕನ ಹೊಲಕ್ಕೆ ಕೂಲಿಗೆ ಬರುವ ಹೆಂಗಸು. ನಲವತ್ತರ ಆಸುಪಾಸು. ಜಾಲಿಯ ಕೊಂಬೆಯನ್ನು ಅವಳು ಕಡಿದಷ್ಟು ಹಸನಾಗಿ ಗಂಡಸರೂ ಕಡಿಯಲಾರರು ಎಂದು ಅಕ್ಕ ಯಾವಾಗಲೂ ಹೇಳುತ್ತಾಳೆ. ಜೋಳ ತೆನೆ ಹಿಡಿಯುವ ಹೊತ್ತು; ದನ ನುಗ್ಗದಂತೆ ಬೇಲಿ ಬೇಕಿತ್ತು. ಹೊಸ ಕೊಯ್ತಾ ಅವಳ ಕೈಗೆ ಬಂತು. ನಾಲ್ಕನೆಯದೋ ಐದನೆಯದೋ ಕೊಂಬೆ. ಎತ್ತಿ ಹೊಡೆದಳು. ಅಲಗು ಹಿಡಿಕೆಯ ಬುಡದಲ್ಲಿ ಪಟ್ಟನೆ ಮುರಿಯಿತು. ಹಿಡಿಕೆ ಅವಳ ಕೈಯಲ್ಲೇ ಉಳಿಯಿತು. ಅಲಗು ಜಾಲಿಗೆ ಬಡಿದು ತಿರುಗಿ ಬಂದು ಅವಳ ಕಾಲನ್ನು ಸೀಳಿತು.

ಅಕ್ಕ ತನ್ನ ಸೀರೆಯ ಸೆರಗು ಹರಿದು ಬಿಗಿಯಾಗಿ ಕಟ್ಟಿದಳು. ತಿಕೋಟಾದವರೆಗೆ ಚಕ್ಕಡಿ, ಅಲ್ಲಿಂದ ಬಸ್ಸು. ಸಂಜೆ ಕೋರ್ಟಿನಿಂದ ನಾನು ದವಾಖಾನೆಗೆ ಓಡಿದಾಗ ಸಿದ್ದವ್ವ ಕಟ್ಟಿಗೆಯ ಬಾಕಿನ ಮೇಲೆ ಕಾಲು ಚಾಚಿ ಕುಳಿತಿದ್ದಳು. ಸೆರಗಿನ ಬಟ್ಟೆ ಕರ್ರಗಾಗಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ನನ್ನನ್ನು ನೋಡಿ ಒಂದೇ ಮಾತು ಕೇಳಿದಳು.

“ವಕೀಲ್ರ, ತಗೊಳ್ಳೂಮುಂದ ಬಾರಿಸಿ ನೋಡಿದ್ರೇನ್ರಿ?”

ನನಗೆ ಅರ್ಥವಾಗಲಿಲ್ಲ. ಏನನ್ನು ಬಾರಿಸುವುದು? ಅವಳು ಬೆರಳಿನ ಗೆಣ್ಣಿನಿಂದ ಬಾಕನ್ನು ತಟ್ಟಿ ತೋರಿಸಿದಳು. “ಗಡಿಗಿ ತಗೊಳ್ಳೂಮುಂದ ಬಾರಸಂಗಿಲ್ಲೇನ್ರಿ? ಹಂಗ.”

ಇಲ್ಲ ಅಂದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಅಕ್ಕ ನನ್ನನ್ನು ಹೊರಗೆ ಕರೆದು ಇನ್ನೊಂದು ಮಾತು ಹೇಳಿದಳು. ಅದು ಹೊಲಿಗೆಗಿಂತ ಹೆಚ್ಚು ನೋಯಿಸಿತು. ಹೊಲದಲ್ಲಿ ಕೊಯ್ತಾ ಕೈಗೆ ಬಂದ ಕೂಡಲೇ ಸಿದ್ದವ್ವ ಅದನ್ನು ಕಲ್ಲಿಗೆ ತಟ್ಟಿ ನೋಡಿದ್ದಳಂತೆ. ದನಿ ಮಬ್ಬಾಗಿದೆ, ಇದು ಬೇಡ ಎಂದಿದ್ದಳಂತೆ. ಅಕ್ಕನೇ ಅವಳ ಬಾಯಿ ಮುಚ್ಚಿಸಿದ್ದಳು.

“ನನ್ನ ತಮ್ಮ ಅಷ್ಟ ಸಾಲಿ ಕಲ್ತಾಂವ, ತಿಳೀದಽ ತಂದಾನೇನು ಅಂದ್ನಿ” ಎಂದು ಅಕ್ಕ ನೆಲ ನೋಡುತ್ತ ನಿಂತಳು.

ಅಂದರೆ ಏನಾಯಿತು ನೋಡಿ. ಆ ಹೊಲದಲ್ಲಿ ಉಕ್ಕಿನ ಗುಣ ತಿಳಿದವಳು ಒಬ್ಬಳಿದ್ದಳು. ಅವಳ ಮಾತನ್ನು ತಳ್ಳಿಹಾಕಿದ್ದು ನನ್ನ ಡಿಗ್ರಿ.

ಮರುದಿನ ಅಕ್ಕನನ್ನು ಊರಿಗೆ ಬಿಡಲು ಹೋದಾಗ ಮುರಿದ ಎರಡೂ ತುಂಡು ಒಯ್ದು ಮೌನಪ್ಪನಿಗೆ ಕೊಟ್ಟೆ. ಎಪ್ಪತ್ತು ದಾಟಿದ ಮನುಷ್ಯ. ತುಂಡುಗಳನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ಬಳಿಕ ನನ್ನ ಕೈಯಲ್ಲಿಟ್ಟ. “ಒಡದ ಜಾಗಾ ನೋಡ್ರಿ. ಉಪ್ಪಿನ ಹಳ್ಳಿನಂಗ ಕಾಳು ಕಾಣತಾವ. ಒಳ್ಳೆ ಉಕ್ಕ ಮುರದ್ರ ಒಳಗ ಹಿಟ್ಟಿನಂಗ ಸಣ್ಣಗಿರತೈತಿ.” ಇನ್ನೂ ಒಂದು ತೋರಿಸಿದ. ಅಲಗು ಬೇರೆ ಕಬ್ಬಿಣ, ಹಿಡಿಕೆಯೊಳಗಿನ ಬಾಲ ಬೇರೆ ಕಬ್ಬಿಣ. ಎರಡನ್ನೂ ಬೆಸೆದು, ಅರದಿಂದ ಉಜ್ಜಿ, ಬೆಸುಗೆ ಕಾಣದಂತೆ ಕರಿ ಬಣ್ಣ ಬಳಿದಿದ್ದರು. ನನ್ನ ವಿಲಾಯತಿ ಕಿರೀಟ ಆ ಬೆಸುಗೆಯಿಂದ ಮೂರು ಬೆರಳು ಮೇಲಕ್ಕೆ ಕುಳಿತಿತ್ತು.

ಹಾಗಾದರೆ ಹೊಲಕ್ಕೆ ಎಂಥ ಉಕ್ಕು ಬೇಕು? ಈ ಪ್ರಶ್ನೆಯನ್ನು ನಾನು ಕೊಳ್ಳುವ ಮೊದಲು ಕೇಳಬೇಕಿತ್ತು, ಈಗ ಕೇಳಿದೆ. ಮೌನಪ್ಪ ಹೇಳಿದ್ದು ಇಷ್ಟು. ಬರೀ ಗಟ್ಟಿಯಾದರೆ ಸಾಲದು. ಹಳೆಯ ಅರವನ್ನು ಕಾಸಿ ಬಡಿದು ಕೊಯ್ತಾ ಮಾಡುವವರಿದ್ದಾರೆ. ಹರಿತವೇನೋ ಬರುತ್ತದೆ, ಜಾಲಿಯ ಗಂಟಿಗೆ ಬಿದ್ದರೆ ಗಾಜಿನಂತೆ ಸಿಡಿಯುತ್ತದೆ. ಮನೆ ಕಟ್ಟುವ ಸರಳಿನಿಂದ ಮಾಡಿದರೆ ಮುರಿಯುವುದಿಲ್ಲ, ಆದರೆ ಮಧ್ಯಾಹ್ನದೊಳಗೆ ಅಲಗಿನ ಬಾಯಿ ಮಡಚಿಕೊಳ್ಳುತ್ತದೆ. ಬಾಯಿ ಮಡಚಿದ ಕೊಯ್ತಾ ಕೊಂಬೆಯ ಮೇಲೆ ನಿಲ್ಲದೆ ಜಾರಿ ಕೈಗೆ ಬರುತ್ತದೆ. ಹೊಲಕ್ಕೆ ಎಲ್ಲಕ್ಕಿಂತ ಒಳ್ಳೆಯದು ಮೋಟಾರು ಲಾರಿಯ ಕಮಾನುಪಟ್ಟಿಯ, ಅಂದರೆ ಸ್ಪ್ರಿಂಗಿನ, ಉಕ್ಕಂತೆ. “ಅದು ದಿನಾ ಭಾರ ಹೊತ್ತ ಬಗ್ಗತೈತಿ, ಮತ್ತ ನೆಟ್ಟಗಾಗತೈತಿ. ಏಟ ತಿಂದ ರೂಢಿ ಐತಿ ಅದಕ್ಕ” ಅಂದ. ಅದನ್ನೂ ಹದ ತಪ್ಪಿ ಕಾಸಿದರೆ ಕೆಡುತ್ತದೆ ಎಂದು ಸೇರಿಸಿದ.

ಇಷ್ಟು ತಿಳಿದ ಮನುಷ್ಯನಿಗೆ ಒಂದು ಮಣ ಉಕ್ಕಿನ ಪರ್ಮಿಟ್ ಸಿಕ್ಕಿಲ್ಲ. ಎರಡು ಸಲ ಅರ್ಜಿ ಹಾಕಿದ್ದಾನೆ. ಮೂರನೆಯದನ್ನು ನಾನೇ ಇಂಗ್ಲಿಷಿನಲ್ಲಿ ಬರೆದು ಬಿಜಾಪುರದ ಕಂಟ್ರೋಲ್ ಆಫೀಸಿಗೆ ಒಯ್ದೆ. ಅಲ್ಲಿಯ ಗುಮಾಸ್ತರು ಯಾದಿಯ ಮೇಲೆ ಬೆರಳಾಡಿಸಿ, ಕುಲುಮೆ ಎಂಬ ಉದ್ಯೋಗ ಇದರಲ್ಲಿ ಇಲ್ಲ ಅಂದರು. ಅದೇ ಆಫೀಸಿನ ಎದುರಿಗೆ ಒಬ್ಬ ಶ್ರೀಮಂತರ ಬಂಗಲೆಗೆ ಆಳೆತ್ತರದ ಹೊಸ ಕಬ್ಬಿಣದ ಗೇಟು ನಿಂತಿದೆ. ಅದರಲ್ಲಿ ಬಳ್ಳಿ, ಹೂವು, ಎರಡು ನವಿಲು. ನವಿಲು ಯಾವ ಉದ್ಯೋಗದ ಯಾದಿಯಲ್ಲಿದೆ? ಕೇಳಿದೆ. ಗುಮಾಸ್ತರು ನಕ್ಕರು. ನಗಲು ಪರ್ಮಿಟ್ ಬೇಕಿಲ್ಲವಲ್ಲ.

ಅಲ್ಲಿಂದ ನೆಟ್ಟಗೆ ಅಂಗಡಿಗೆ ಹೋದೆ. ಮುರಿದ ತುಂಡುಗಳನ್ನು ಗಾದಿಯ ಮೇಲಿಟ್ಟೆ. ಸಾವಕಾರರು ಅವನ್ನು ಮುಟ್ಟಲೂ ಇಲ್ಲ. ಯಾರು ಬಳಸುತ್ತಿದ್ದರು ಎಂದು ಕೇಳಿದರು. ಹೇಳಿದೆ. ಅವರ ಮುಖದಲ್ಲಿ ನೆಮ್ಮದಿ ಕಾಣಿಸಿತು.

“ಹಂಗ ಹೇಳ್ರಿ ಮತ್ತ. ಮಾಲಿನಾಗ ದೋಷಿಲ್ರಿ. ಆ ಮಂದಿ ಕೈ ಒರಟ. ಹಿಡಿಯೂದ ಗೊತ್ತಿಲ್ಲ.”

ಚಹಾ ಕುಡಿಯುತ್ತ ಕೂತಿದ್ದ ಇಬ್ಬರು ಗೃಹಸ್ಥರು ಹೌದು ಹೌದು ಅಂದರು. ಬದುಕಿನಲ್ಲಿ ಒಮ್ಮೆಯೂ ಜಾಲಿ ಕಡಿಯದ ನಾಲ್ಕು ಕೈಗಳು ಸಿದ್ದವ್ವನ ಕೈಯ ಬಗ್ಗೆ ತೀರ್ಪು ಕೊಟ್ಟವು. ಬೇಕಾದರೆ ಇನ್ನೊಂದು ಒಯ್ಯಿರಿ ಎಂದು ಸಾವಕಾರರು ಅಂಥದೇ ಮತ್ತೊಂದು ಕಿರೀಟ ನನ್ನ ಮುಂದೆ ಚಾಚಿದರು. ಕೋರ್ಟಿನಲ್ಲಿ ಗಂಟೆಗಟ್ಟಲೆ ಮಾತಾಡುವ ನಾನು ಮುರಿದ ತುಂಡುಗಳನ್ನು ಎತ್ತಿಕೊಂಡು ಮನೆಗೆ ಬಂದೆ.

ಹೊಲಿಗೆ ಬಿಚ್ಚುವತನಕ ಸಿದ್ದವ್ವ ನಮ್ಮ ಮನೆಯ ಪಡಸಾಲೆಯಲ್ಲೇ ಇದ್ದಳು. ಅಂಗಡಿಯಲ್ಲಿ ನಡೆದದ್ದನ್ನು ಅವಳಿಗೆ ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ. ಕಾಲು ಸೀಳಿದಾಗ ಬಾರದ ಸಿಟ್ಟು ಅವಳಿಗೆ ಆಗ ಬಂತು. ತನ್ನ ಎರಡೂ ಅಂಗೈಗಳನ್ನು ಮುಂದೆ ಚಾಚಿ ತಾನೇ ನೋಡಿಕೊಂಡಳು.

“ನನ್ನ ಕೈ ಅಂದಾನ? ನನ್ನ ಅಲ್ಲಿಗೆ ಕರಕೊಂಡ ಹೋಗ್ರಿ.”

ಸಂತೆಯ ದಿನ ಹೋದೆವು. ಅಕ್ಕನೂ ಬಂದಿದ್ದಳು. ಸಿದ್ದವ್ವ ಕೋಲೂರಿ ಕುಂಟುತ್ತ ಅಂಗಡಿಯ ಮೆಟ್ಟಿಲಿಗೆ ಕಾಲಿಟ್ಟಳು. ಸಾವಕಾರರು ಅವಳ ಸೀರೆ ನೋಡಿದರು, ಕೇರಿ ಯಾವುದೆಂದು ಲೆಕ್ಕ ಹಾಕಿದರು, ಕೆಳಗೇ ನಿಲ್ಲು ಅಂದರು.

ಅವಳು ಜಗಳವಾಡಲಿಲ್ಲ. ಮೆಟ್ಟಿಲ ಕೆಳಗೆ ಬೀದಿಯಲ್ಲೇ ಕೂತಳು. ಅಲ್ಲೇ ಬಿದ್ದಿದ್ದ ಒಂದು ಗುಂಡುಗಲ್ಲು ಎತ್ತಿಕೊಂಡಳು. “ಅಕ್ಕಾರ, ಒಂದೊಂದ ಕೊಡ್ರಿ” ಅಂದಳು.

ಗೌರವ್ವ ಅಂಗಡಿಯ ಒಳಗೆ ನಿಂತು ಕೊಯ್ತಾಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಸಿದ್ದವ್ವ ಒಂದೊಂದನ್ನೂ ಎರಡು ಬೆರಳಲ್ಲಿ ತೂಗುಹಾಕಿ ಕಲ್ಲಿನಿಂದ ತಟ್ಟಿದಳು. ಒಂದು ಠಪ್ ಅಂದಿತು. ಎಡಕ್ಕಿಟ್ಟಳು. ಇನ್ನೊಂದು ಠಪ್. ಎಡಕ್ಕೆ. ಆಮೇಲೊಂದು ಠಣ್ಣನೆ ಹಾಡಿ ಬಹಳ ಹೊತ್ತು ಗುಂಯ್ಗುಟ್ಟಿತು. ಬಲಕ್ಕೆ. ಸಾವಕಾರರು ಇದೇನು ಆಟ ಎಂದು ರೇಗಿದರು. ಗಿರಾಕಿ ಮಾಲು ನೋಡುತ್ತಿದ್ದಾಳೆ, ಯಾವ ಕಾಯಿದೆಯಲ್ಲಿ ಇದು ತಪ್ಪು ಹೇಳಿ ಅಂದೆ. (ಕೊನೆಗೂ ಕರಿ ಕೋಟು ಒಂದು ಉಪಯೋಗಕ್ಕೆ ಬಂತು.)

ಅಂಗಡಿಯೊಳಗೆ ಬಿಟ್ಟುಕೊಂಡಿದ್ದರೆ ನಾಲ್ಕು ಜನ ನೋಡುತ್ತಿದ್ದರು. ಬೀದಿಯಲ್ಲಿ ಕೂಡಿಸಿದ್ದಕ್ಕೆ ಸಂತೆಗೆ ಬಂದವರೆಲ್ಲ ನೋಡಿದರು. ಅರಕೇರಿಯವರು ನಿಂತರು, ಹೊನವಾಡದವರು ನಿಂತರು. ಎಲ್ಲರೂ ಕಿವಿಗೊಟ್ಟು ಕೇಳುತ್ತಿದ್ದರು. ಕೊನೆಗೆ ಎಡಕ್ಕೆ ಇಪ್ಪತ್ತಾರು, ಬಲಕ್ಕೆ ನಾಲ್ಕು. ಬಬಲೇಶ್ವರದ ಒಬ್ಬ ಹಿರಿಯ ರೈತ ಆಗಷ್ಟೇ ಅಲ್ಲಿ ಕೊಂಡಿದ್ದ ಕೊಯ್ತಾವನ್ನು ಚೀಲದಿಂದ ತೆಗೆದು ಅವಳ ಕೈಗೆ ಕೊಟ್ಟ. ಅವಳು ತಟ್ಟಿದಳು. ಠಪ್. ಆತ ಮೆಟ್ಟಿಲು ಹತ್ತಿ ಅದನ್ನು ಗಾದಿಯ ಮೇಲಿಟ್ಟು ನಿಂತ.

ಸಾವಕಾರರು ಅಂದು ಮಧ್ಯಾಹ್ನವೇ ಬಾಗಿಲು ಹಾಕಿದರು.

ಎಲ್ಲ ನೆಟ್ಟಗಾಯಿತು ಅಂದುಕೊಂಡಿರಾ? ನಾನು ನೋಟೀಸು ಕೊಟ್ಟೆ. ಸಾವಕಾರರ ವಕೀಲರು ಉತ್ತರ ಕೊಟ್ಟರು: ಕೊಂಡವರು ತೃಪ್ತರಾಗಿ ನೋಡಿಯೇ ಕೊಂಡಿದ್ದಾರೆ. ಕಾಯಿದೆಯ ಪ್ರಕಾರ ಅದು ಸರಿಯಾದ ಉತ್ತರ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ಇದಕ್ಕಿಂತ ನಾಚಿಕೆಯ ಮಾತು ಬೇರೆ ಇದೆಯೇ? ಜೋಳದ ಸುಗ್ಗಿ ನಡೆದಿದೆ; ಸಿದ್ದವ್ವ ಹೊಲಕ್ಕಿಳಿದಿಲ್ಲ. ಅಕ್ಕ ಅವಳ ಪಾಲಿನ ಜೋಳವನ್ನು ಮನೆಗೆ ಮುಟ್ಟಿಸಿದ್ದಾಳೆ. ಅವಳು ತೆಗೆದುಕೊಂಡಳು, ಆದರೆ ದುಡಿಯದೆ ಉಣ್ಣುವುದು ಮೈಗೆ ಹತ್ತುವುದಿಲ್ಲ ಅಂದಳಂತೆ. ಮಿಲಿಟರಿಯವರು ಬಿಟ್ಟುಹೋದ ಲಾರಿಯೊಂದರ ಕಮಾನುಪಟ್ಟಿಯನ್ನು ಮೌನಪ್ಪ ಎಲ್ಲಿಂದಲೋ ಸಂಪಾದಿಸಿದ್ದಾನೆ. (ಎಲ್ಲಿಂದ ಎಂದು ಈ ಸಲ ನಾನು ಪಾಟೀಸವಾಲು ಹಾಕಿಲ್ಲ.) ಅದರಿಂದ ಮೂರು ಕೊಯ್ತಾ ಆಗಿವೆ. ಒಂದು ಸಿದ್ದವ್ವನದು.

ಮೊನ್ನೆ ಚೌಕದಲ್ಲಿ ಹಾಯ್ದು ಹೋಗುವಾಗ ಆ ಅಂಗಡಿಯಲ್ಲಿ ಹೊಸ ಬೋರ್ಡು ಕಂಡೆ. ದುಂಡನೆಯ ಅಕ್ಷರ, ಕೆಂಪು ಬಣ್ಣ: ‘ಮಾಲನ್ನು ಬಾರಿಸಿ ನೋಡಬಾರದು.’ ಶುಭ್ರ ಧೋತರ ಉಟ್ಟ ಒಬ್ಬ ಮಾಸ್ತರರು ಕೊಯ್ತಾ ಒಂದನ್ನು ಎತ್ತಿಕೊಂಡು ಬೆರಳು ಮಡಚಿ ಇನ್ನೇನು ತಟ್ಟಬೇಕು, ಬೋರ್ಡು ಕಣ್ಣಿಗೆ ಬಿತ್ತು. ಓದಿದರು. ಕೈ ಇಳಿಸಿದರು. ಕಟ್ಟಿಸಿಕೊಂಡು ಹೋದರು.

ಸಿದ್ದವ್ವನಿಗೆ ಓದಲು ಬರುವುದಿಲ್ಲ. ಆ ಬೋರ್ಡು ಬರೆಸಿರುವುದು ಓದು ಬಲ್ಲ ನಮಗಾಗಿಯೇ ಅಲ್ಲವೇ?